ರೂಪಕುಂಡಕ್ಕೆ ಹೊರಟ ಮಗಳಿಗೆ

ಚಿ. ಮೇಘಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಗೌರಿ ಹಬ್ಬ ಮುಗಿಸಿಕೊಂಡು ರೂಪಕುಂಡದ ಕಡೆ ಹೊರಡುತ್ತೀಯಂತೆ. "ಅದೇ ಅಕ್ಕಾ, ಎಲುಬಿನ ಕೆರೆ" ಅಂದಳು ನಿನ್ನಮ್ಮ. ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ, ಕಾಗದ ಬರೆಯಲು ಕೂತೆ.

ಹೆಸರಿಗೂ ಎಲುಬಿಗೂ ಸಂಬಂಧವೇ ಇಲ್ಲ ಕಣೆ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಆ ಕೆರೆಯ ಸುತ್ತಲಿನ ಊರುಗಳಿಗೆ ನಂದಾದೇವಿ ಮನೆಮಗಳು. ಮದುವೆಯಾಗಿ ಶಿವನ ಜೊತೆ ಕೈಲಾಸಕ್ಕೆ ಹೊರಟವಳಿಗೆ ದಾರಿಯಲ್ಲಿ ಬಾಯಾರಿತಂತೆ. ಶಿವ ತ್ರಿಶೂಲದಿಂದ ನೆಲ ತಿವಿದ, ನೀರು ಬಂತು. ಕುಡಿಯಲು ಬಗ್ಗಿದಾಗ ಅವಳಿಗೆ ತನ್ನ ರೂಪ ಕಂಡಿತು. ಅದಕ್ಕೇ ರೂಪಕುಂಡ. ತವರು ಬಿಟ್ಟು ಬಂದ ಹುಡುಗಿ ನೀರಿನಲ್ಲಿ ತನ್ನ ಮುಖ ನೋಡಿಕೊಂಡ ಜಾಗ ಅದು. ಗೌರಿಯನ್ನು ಕಳಿಸುವ ದಿನ ನಿನ್ನಜ್ಜಿ ಮಡಿಲು ತುಂಬಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದದ್ದು ನೆನಪಿದೆಯಾ? ಅಲ್ಲೂ ಅದೇ ಸಂಕಟ. 12 ವರ್ಷಕ್ಕೊಮ್ಮೆ ಅವಳನ್ನು ಗಂಡನ ಮನೆಗೆ ಕಳಿಸುವ ಜಾತ್ರೆ, ನಂದಾದೇವಿ ರಾಜಜಾತ್. 2014ರಲ್ಲಿ ನಡೆದಿತ್ತು. ನಾಲ್ಕು ಕೊಂಬಿನ ಟಗರು ಮುಂದೆ ನಡೆಯುತ್ತದೆ, ಅದರ ಬೆನ್ನ ಮೇಲೆ ಮಗಳಿಗೆ ಕೊಟ್ಟ ಬಟ್ಟೆ, ಒಡವೆ. ರೂಪಕುಂಡ ದಾಟಿ ಹೋಮಕುಂಡದಲ್ಲಿ ಟಗರನ್ನು ಬಿಟ್ಟು, ಜನ ಹಿಂದಕ್ಕೆ ಬರುತ್ತಾರೆ.

ಇನ್ನು ಎಲುಬಿನ ಮಾತು. ಕೆರೆಯಲ್ಲೂ ಸುತ್ತಲೂ ಬಿದ್ದಿರುವ ಮನುಷ್ಯರ ಎಲುಬುಗಳನ್ನು 1942ರಲ್ಲಿ ಅರಣ್ಯ ಇಲಾಖೆಯ ರೇಂಜರ್ ಒಬ್ಬರು ಕಂಡು ಹೇಳಿದ ಮೇಲೆ ಹೊರಗಿನವರಿಗೆ ಗೊತ್ತಾಯಿತು. ಕನೌಜಿನ ರಾಜ ಜಸಧವಲ ನರ್ತಕಿಯರನ್ನು ಕಟ್ಟಿಕೊಂಡು ಯಾತ್ರೆಗೆ ಬಂದ, ದೇವಿ ಸಿಟ್ಟಾಗಿ ಕಬ್ಬಿಣದಂಥ ಆಲಿಕಲ್ಲು ಸುರಿಸಿದಳು ಅಂತ ಊರಿನವರ ಕಥೆ. ಕೆಲವು ತಲೆಬುರುಡೆಗಳ ಮೇಲೆ ನಿಜಕ್ಕೂ ಮೇಲಿನಿಂದ ಬಿದ್ದ ಏಟಿನ ಗುರುತು ಸಿಕ್ಕಿತು! ಆದರೆ 2019ರಲ್ಲಿ 38 ಜನರ ಡಿಎನ್‌ಎ ನೋಡಿದಾಗ, ಎಲ್ಲರೂ ಒಂದೇ ಸಲ ಸತ್ತವರಲ್ಲ ಅಂತ ಗೊತ್ತಾಯಿತು. ಕೆಲವರು ಸಾವಿರ ವರ್ಷಕ್ಕೂ ಹಿಂದಿನವರು. 14 ಜನರ ಮೂಲ ಪೂರ್ವ ಮೆಡಿಟರೇನಿಯನ್ ಕಡೆಯದು, ಅವರು ಸತ್ತದ್ದು 1800ರ ಆಸುಪಾಸು. ಅಷ್ಟು ದೂರದವರು ಅಲ್ಲಿಗೇಕೆ ಬಂದರೋ. ಮನೆಯಲ್ಲಿ ಎಷ್ಟು ವರ್ಷ ದಾರಿ ಕಾದರೋ.

ಅದಕ್ಕೇ ಹೇಳುತ್ತೇನೆ, ಒಂದು ಚೂರು ಎಲುಬನ್ನೂ ಮುಟ್ಟಬೇಡ. ನಾನು ಹೋದಾಗ ನಮ್ಮ ಗುಂಪಿನ ಹುಡುಗನೊಬ್ಬ ತಲೆಬುರುಡೆಯನ್ನು ಬಂಡೆ ಮೇಲಿಟ್ಟು ಫೋಟೋ ತೆಗೆದ. ನಾನು ನೋಡುತ್ತಾ ನಿಂತೆ, ಬೇಡ ಅನ್ನಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ. ವಾಣ್ ಊರಿನ ನಮ್ಮ ಗೈಡ್, ವಯಸ್ಸಾದವರು, ಏನೂ ಮಾತಾಡಲಿಲ್ಲ. ಮೊದಲು ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಸಂದಿಯಲ್ಲಿ ಇಟ್ಟರು, ಮಲಗಿದ ಮಗುವನ್ನು ಇಟ್ಟ ಹಾಗೆ.

ಇನ್ನೊಂದು. ಬುಗ್ಯಾಲ್, ಅಂದರೆ ಮೇಲಿನ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಹೈಕೋರ್ಟು 2018ರಲ್ಲಿ ನಿಲ್ಲಿಸಿತು. ಮೇಲೆ ಹೋಗಲು ಒಪ್ಪಿಗೆ ಇಲ್ಲ ಅಂದರೆ ಕದ್ದು ಹೋಗಬೇಡ ಪುಟ್ಟಿ. 5,000 ಮೀಟರಿನ ಹತ್ತಿರದ ಎತ್ತರ ಅದು, ತಲೆನೋವು ಜಾಸ್ತಿಯಾದರೆ ತಕ್ಷಣ ಇಳಿಯಬೇಕು. ಕೆರೆ ನೋಡಲಾಗದಿದ್ದರೂ ವಾಣ್‌ನಲ್ಲಿ ಎರಡು ದಿನ ಇರು. ಯಾರಾದರೂ ಅಜ್ಜಿಯ ಹತ್ತಿರ ಕೂತು ನಂದೆಯ ಹಾಡು ಹೇಳಿಸು. ಭಾಷೆ ಅರ್ಥವಾಗದಿದ್ದರೂ ಕೇಳು.

ಬಾಗಿನಕ್ಕೆ ತಂದ ಹಸಿರು ಬಳೆಯಲ್ಲಿ ಒಂದು ಡಜನ್ ಎತ್ತಿಟ್ಟಿದ್ದೇನೆ, ಹೊರಡುವ ಮುಂಚೆ ಬಂದು ತೆಗೆದುಕೊಂಡು ಹೋಗು. ಕೆರೆಗೆ ಹಾಕಬೇಡ. ಹಾಡು ಹೇಳಿದ ಅಜ್ಜಿಗೆ ಕೊಡು.

ನಿನ್ನ ದೊಡ್ಡಮ್ಮ