ಸುಮ್ಮನಿದ್ದರೆ ಸಾಲದು

ಮಾನ್ಯ ಸಂಪಾದಕರೇ,

ಆನ್‌ಲೈನ್ ಗುಂಪುಗಳಲ್ಲಿ ಕಾಲುಕೆರೆದು ಜಗಳಕ್ಕೆ ಬರುವವರನ್ನು ಕಡೆಗಣಿಸಿದರೆ ತಾವಾಗಿಯೇ ತಣ್ಣಗಾಗುತ್ತಾರೆ ಎಂಬ ಹಳೆಯ ಸಲಹೆ ಅರ್ಧ ಮಾತ್ರ ನಿಜ. ನಾನು ನಿರ್ವಾಹಕಿಯಾಗಿರುವ ಓದುಗರ ಬಳಗದಲ್ಲಿ ಸದಸ್ಯರೊಬ್ಬರು ಹೊಸಬರ ಕಾಗುಣಿತದ ತಪ್ಪನ್ನೇ ಹಿಡಿದು ದಿನವೂ ಹಂಗಿಸುತ್ತಿದ್ದಾಗ ನಾವೆಲ್ಲ ಸುಮ್ಮನಿದ್ದೆವು. ಅವರು ನಿಲ್ಲಿಸಲಿಲ್ಲ, ಚೆನ್ನಾಗಿ ಬರೆಯುತ್ತಿದ್ದ ಮೂವರು ಮಾತ್ರ ಸದ್ದಿಲ್ಲದೆ ಗುಂಪು ತೊರೆದರು. ಆ ನೋವು ನನಗೆ ಇನ್ನೂ ಇದೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ ಇತರರ ತಿದ್ದುಪಡಿಗಳನ್ನು 24 ಗಂಟೆಯೊಳಗೆ 3ಕ್ಕಿಂತ ಹೆಚ್ಚು ಬಾರಿ ರದ್ದುಮಾಡಿದವರನ್ನು, ಅವರ ವಾದ ಸರಿಯಿದ್ದರೂ, ತಾತ್ಕಾಲಿಕವಾಗಿ ತಡೆಹಿಡಿಯಬಹುದು. ಉದ್ದೇಶವನ್ನು ಅಳೆಯಲು ಹೋಗದೆ ನಡವಳಿಕೆಯನ್ನಷ್ಟೇ ನೋಡುವ ಇಂಥ ನಿಯಮವನ್ನು ಮೊದಲೇ ಬರೆದಿಟ್ಟರೆ, ಭಿನ್ನಾಭಿಪ್ರಾಯ ಹೇಳಿದವರನ್ನೂ ಕಿಡಿಗೇಡಿಗಳೆಂದು ಹೊರದೂಡುವ ಅನ್ಯಾಯ ತಪ್ಪುತ್ತದೆ. ನಮ್ಮ ಬಳಗದಲ್ಲಿ ಈಗ ಮೊದಲು ಖಾಸಗಿಯಾಗಿ ಎಚ್ಚರಿಸುತ್ತೇವೆ, ಬಳಿಕ ಒಂದು ವಾರ ಬರೆಯದಂತೆ ತಡೆಯುತ್ತೇವೆ. ತೊರೆದವರಲ್ಲಿ ಒಬ್ಬರು ಮರಳಿದ್ದಾರೆ.

– ಬಳಗವೊಂದರ ನಿರ್ವಾಹಕಿ