ಬಯಲಿನ ತೋಳವೂ ಬೋನಿನ ತೋಳವೂ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನಾಯಕತ್ವವನ್ನು ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ತೋಳದ ಗುಂಪಿನಲ್ಲಿ ಒಂದು ‘ಆಲ್ಫಾ’ ಗಂಡು ಉಳಿದವನ್ನೆಲ್ಲ ಕಾದಾಡಿ ಸೋಲಿಸಿ ಗದ್ದುಗೆ ಏರುತ್ತದೆಂದೂ, ಕೆಳಗಿನವು ಅದನ್ನು ಉರುಳಿಸಲು ಸದಾ ಹೊಂಚು ಹಾಕುತ್ತಿರುತ್ತವೆಂದೂ, ಕಚೇರಿಯಲ್ಲೂ ಸಂಸಾರದಲ್ಲೂ ನಿಸರ್ಗದ ಈ ನಿಯಮವೇ ನಡೆಯುತ್ತದೆಂದೂ ಅದರಲ್ಲಿ ಬರೆಯಲಾಗಿದೆ. ಲೇಖಕರ ಉದ್ದೇಶದ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಅವರು ಆಧಾರವಾಗಿ ಹಿಡಿದ ತೋಳ ಕಾಡಿನದಲ್ಲ. ಕಾಡುತೋಳಗಳ ನಡುವೆ ವರ್ಷಗಟ್ಟಲೆ ಕುಳಿತು ನೋಡಿದವರು ಕಂಡದ್ದು ಬೇರೆಯೇ ಇದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟವನಾಗಿ, ತೋಳ ಇನ್ನೂ ಉಳಿದಿರುವ ಸೀಮೆಯಲ್ಲಿ ಬಾಳುತ್ತಿರುವವನಾಗಿ, ಅದನ್ನು ತಮ್ಮ ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಈ ಕಲ್ಪನೆಯ ಮೂಲ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ. ಅಲ್ಲಿ ಕೂಡಿಹಾಕಿದ್ದ ತೋಳಗಳನ್ನು ರುಡೋಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಬಹು ಶ್ರದ್ಧೆಯಿಂದ ಗಮನಿಸಿ 1947ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಬಾಲದ ನಿಲುವು, ಕಿವಿಯ ಮಡಿಕೆ, ತುಟಿಯ ಸೆಳೆತ ಇವೆಲ್ಲವನ್ನೂ ಅವರಷ್ಟು ಸೂಕ್ಷ್ಮವಾಗಿ ಅದಕ್ಕೆ ಮೊದಲು ದಾಖಲಿಸಿದವರು ವಿರಳ. ಕಂಡದ್ದನ್ನು ಅವರು ಪ್ರಾಮಾಣಿಕವಾಗಿಯೇ ಬರೆದರು. ಆದರೆ ಬೇಲಿಯೊಳಗಿನ ತೋಳಕ್ಕೆ ಬಿಟ್ಟು ಹೋಗುವ ದಾರಿಯೇ ಇರುವುದಿಲ್ಲ. ತಾನು ಆರಿಸಿಕೊಳ್ಳದ ಜೊತೆಗಾರರೊಂದಿಗೆ ಅದು ಒಂದೇ ಅಂಕಣದಲ್ಲಿ ಬೆಳೆಯಬೇಕು, ಬಲಿಯಬೇಕು, ಕೂಡಬೇಕು, ಸಾಯಬೇಕು. ಅಂಥಲ್ಲಿ ಮೇಲು ಕೀಳಿನ ಜಗಳ ಕಾಣಿಸಿಕೊಂಡರೆ ಅದು ತೋಳದ ಸ್ವಭಾವವೆಷ್ಟು, ಬೇಲಿಯ ಪರಿಣಾಮವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಆ ಹೊತ್ತಿಗಾಗಲೇ ಅಮೆರಿಕದಲ್ಲಿ ಒಬ್ಬರು ಬೇರೆ ದಾರಿ ಹಿಡಿದಿದ್ದರು. ಅಲಾಸ್ಕಾದ ಮೌಂಟ್ ಮೆಕಿನ್ಲೆ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳು ಬೆಟ್ಟದ ಕಾಡುಕುರಿಗಳನ್ನು ನಿರ್ನಾಮ ಮಾಡುತ್ತಿವೆ, ಅವನ್ನು ಕೊಲ್ಲಬೇಕು ಎಂಬ ಕೂಗು ಎದ್ದಾಗ, 1939ರಲ್ಲಿ ಉದ್ಯಾನ ಇಲಾಖೆ ಅಡೋಲ್ಫ್ ಮ್ಯೂರಿ ಎಂಬ ಜೀವವಿಜ್ಞಾನಿಯನ್ನು ಅಲ್ಲಿಗೆ ಕಳುಹಿಸಿತು. ಅವರು ಬೆಟ್ಟ ಕಣಿವೆಗಳನ್ನು ನಡೆದು ಸತ್ತ ಕುರಿಗಳ 829 ತಲೆಬುರುಡೆಗಳನ್ನು ಕಲೆಹಾಕಿ, ಕೊಂಬಿನ ಉಂಗುರ ಮತ್ತು ಹಲ್ಲಿನ ಸವೆತದಿಂದ ವಯಸ್ಸು ಗುರುತಿಸಿ, ಸತ್ತವುಗಳಲ್ಲಿ ಹೆಚ್ಚಿನವು ಮುದಿಯವು, ರೋಗದವು, ಇಲ್ಲವೇ ಎಳೆಯವು ಎಂದು ತೋರಿಸಿದರು. ಅಷ್ಟೇ ಆಗಿದ್ದರೆ ಅದು ಒಳ್ಳೆಯ ಲೆಕ್ಕಾಚಾರವಾಗಿ ಉಳಿಯುತ್ತಿತ್ತು. ಅದರ ಜೊತೆಗೆ ಅವರು ಒಂದು ಗವಿಯ ಎದುರಿನ ದಿಬ್ಬದ ಮೇಲೆ ದಿನಗಟ್ಟಲೆ ಕುಳಿತು, ಬೇಟೆಗೆ ಹೊರಡುವ ಮುನ್ನ ಸಂಜೆಯ ಹೊತ್ತಿನಲ್ಲಿ ತೋಳಗಳು ಒಂದೆಡೆ ಸೇರಿ ಬಾಲ ಆಡಿಸುತ್ತ, ಒಂದರ ಮೂತಿಯನ್ನೊಂದು ನೆಕ್ಕುತ್ತ, ಒಟ್ಟಿಗೆ ಊಳಿಡುವುದನ್ನು ಕಂಡರು. ತಾಯಿ ಬೇಟೆಗೆ ಹೋದ ರಾತ್ರಿ ಇನ್ನೊಂದು ಹೆಣ್ಣು ಮರಿಗಳ ಕಾವಲಿಗೆ ನಿಲ್ಲುವುದನ್ನೂ ಕಂಡರು. ಈ ವರದಿ 1944ರಲ್ಲಿ, ಅಂದರೆ ಶೆಂಕೆಲರ ಪ್ರಬಂಧಕ್ಕಿಂತ ಮೂರು ವರ್ಷ ಮೊದಲೇ ಅಚ್ಚಾಗಿತ್ತು. ಜಗತ್ತು ಹಿಡಿದುಕೊಂಡದ್ದು ಮಾತ್ರ ಬೋನಿನ ತೋಳವನ್ನೇ.

ಹಾಗೆ ಹಿಡಿದುಕೊಂಡವರಲ್ಲಿ ಅಮೆರಿಕದ ತೋಳತಜ್ಞ ಡೇವಿಡ್ ಮೀಚ್ ಕೂಡ ಒಬ್ಬರು. 1958ರಲ್ಲಿ ಸುಪೀರಿಯರ್ ಸರೋವರದ ದ್ವೀಪವೊಂದರಲ್ಲಿ ತೋಳಗಳ ಅಧ್ಯಯನ ಆರಂಭಿಸಿದ ಅವರು 1970ರಲ್ಲಿ ಪ್ರಕಟಿಸಿದ ಪುಸ್ತಕವೇ ಆಲ್ಫಾ ಕಲ್ಪನೆಯನ್ನು ಮನೆಮನೆಗೆ ತಲುಪಿಸಿತು. ಆ ದಿನಗಳ ಕಷ್ಟವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. ದಟ್ಟಕಾಡಿನಲ್ಲಿ ತೋಳ ಕಣ್ಣಿಗೆ ಬೀಳುವುದೇ ಅಪರೂಪ. ವಿಮಾನದಿಂದ ನೋಡಿದರೆ ಹಿಮದ ಮೇಲೆ ಸಾಲಾಗಿ ಸಾಗುವ ಚುಕ್ಕೆಗಳಷ್ಟೇ ಕಾಣುತ್ತವೆ. ಆ ಚುಕ್ಕೆಗಳಲ್ಲಿ ಯಾವುದು ಯಾವುದರ ಮಗಳು, ಯಾವುದು ಯಾವುದಕ್ಕೆ ತುತ್ತು ಕೊಟ್ಟಿತು ಎಂದು ತಿಳಿಯುವ ಬಗೆ ಇಲ್ಲ. ಹೀಗಾಗಿ ಗುಂಪಿನೊಳಗಿನ ಬಾಳುವೆಯ ವಿಷಯ ಬಂದಾಗ ಎಲ್ಲರೂ ಮೃಗಾಲಯದ ದಾಖಲೆಯನ್ನೇ ಆಶ್ರಯಿಸಿದರು.

1986ರಲ್ಲಿ ಮೀಚ್ ಅವರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. 80 ಡಿಗ್ರಿ ಉತ್ತರ ಅಕ್ಷಾಂಶದ ಆ ನೆಲದಲ್ಲಿ ಮರಗಳಿಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಕಾಡೂ ಇಲ್ಲದ, ಕತ್ತಲೆಯೂ ಇಲ್ಲದ ಇಂಥ ಜಾಗ ತೋಳಗಳನ್ನು ನೋಡಲು ಬೇರೆಲ್ಲಿ ಸಿಕ್ಕೀತು? ಇದಕ್ಕಿಂತ ದೊಡ್ಡ ಅನುಕೂಲವೆಂದರೆ, ಬೇಟೆಗಾರರ ಕಾಟವನ್ನು ಅಷ್ಟಾಗಿ ಕಾಣದ ಅಲ್ಲಿನ ಬಿಳಿತೋಳಗಳಿಗೆ ಮನುಷ್ಯನ ಅಂಜಿಕೆ ಇರಲಿಲ್ಲ. ಅವು ಅವರನ್ನು ಕ್ರಮೇಣ ಒಪ್ಪಿಕೊಂಡು, ಗವಿಯ ಬಳಿ ಕೆಲವೇ ಮೀಟರ್ ದೂರದಲ್ಲಿ ಕೂರಲು ಬಿಟ್ಟವು. 1998ರವರೆಗೆ ಹದಿಮೂರು ಬೇಸಿಗೆಗಳು ಅವರು ಆ ತೋಳಗಳೊಂದಿಗೆ ಕಳೆದರು. ಅಷ್ಟು ಕಾಲದಲ್ಲಿ ಅಧಿಕಾರಕ್ಕಾಗಿ ನಡೆದ ಒಂದೇ ಒಂದು ಕಾದಾಟವೂ ಅವರ ಕಣ್ಣಿಗೆ ಬೀಳಲಿಲ್ಲ.

ಅವರು ಕಂಡದ್ದು ಒಂದು ಸಂಸಾರ. ಅಪ್ಪ, ಅಮ್ಮ, ಈ ವರ್ಷದ ಮರಿಗಳು, ಕಳೆದ ಒಂದೆರಡು ವರ್ಷಗಳ ಪ್ರಾಯದ ಮಕ್ಕಳು, ಇಷ್ಟೇ ಗುಂಪು. ಹಾಲೂಡಿಸುವ ದಿನಗಳಲ್ಲಿ ಅಮ್ಮ ಗವಿಯ ಸುತ್ತಮುತ್ತಲೇ ಇರುತ್ತದೆ. ಅಪ್ಪ ದೂರ ಹೋಗಿ ಬೇಟೆಯಾಡಿ ಬರುತ್ತದೆ. ಬೇಟೆಯಿಂದ ಮರಳಿದ ತೋಳದ ಕಡೆಗೆ ಮರಿಗಳು ಮುಗ್ಗರಿಸುತ್ತ ಓಡಿಬಂದು, ಅದರ ಬಾಯಿಯ ಅಂಚನ್ನು ಮೂತಿಯಿಂದ ತಿವಿದು ನೆಕ್ಕುತ್ತವೆ. ಹಾಗೆ ನೆಕ್ಕಿದಾಗ ದೊಡ್ಡ ತೋಳ ತಲೆ ತಗ್ಗಿಸಿ, ಹೊಟ್ಟೆಯನ್ನು ಒಳಕ್ಕೆ ಎಳೆದು, ನುಂಗಿ ತಂದಿದ್ದ ಮಾಂಸವನ್ನು ಮರಿಗಳ ಮುಂದೆ ಕಕ್ಕುತ್ತದೆ. ಬಿಸಿಯಾರದ ಆ ರಾಶಿಯ ಮೇಲೆ ಮರಿಗಳು ಮುಗಿಬೀಳುತ್ತವೆ. ಅಮ್ಮನೂ ಅಪ್ಪನ ಮುಂದೆ ಇದೇ ರೀತಿ ಮೈ ಕುಗ್ಗಿಸಿ ಬೇಡಿ ಆಹಾರ ಪಡೆಯುತ್ತದೆ. ಬೆಳೆದ ಮಕ್ಕಳೂ ತಂದೆ ತಾಯಿಯ ಎದುರು ಕಿವಿ ಹಿಂದಕ್ಕೆ ಮಡಚಿ, ಬಾಲ ತಗ್ಗಿಸಿ, ಬಾಯಿ ನೆಕ್ಕುತ್ತವೆ. ಬೋನಿನ ತೋಳಗಳಲ್ಲಿ ಸೋತ ಗುಲಾಮನ ಶರಣಾಗತಿ ಎಂದು ಓದಲಾದ ಭಂಗಿ, ತುತ್ತು ಬೇಡುವ ಮರಿಯ ಭಂಗಿಯೇ ಬೆಳೆದ ಮೈಯಲ್ಲಿ ಮುಂದುವರಿದದ್ದು. ಈ ಒಂದು ಸಂಗತಿಯನ್ನು ತಿಳಿಯಲು ಗವಿಯ ಬಾಯಲ್ಲಿ ಹಲವು ಬೇಸಿಗೆ ಕೂರಬೇಕಾಯಿತು ಎಂಬುದನ್ನು ನೆನೆದಾಗ ನನಗೆ ಆ ತಾಳ್ಮೆಯ ಮೇಲೆ ಅಪಾರ ಗೌರವ ಮೂಡುತ್ತದೆ.

ಹಾಗಾದರೆ ‘ನಾಯಕ’ ಹುಟ್ಟುವುದು ಹೇಗೆ? ಮಕ್ಕಳು ಸಾಮಾನ್ಯವಾಗಿ ಮೂರು ವರ್ಷ ತುಂಬುವುದರೊಳಗೆ ಮನೆ ಬಿಟ್ಟು, ದೂರ ಅಲೆದು, ತಮ್ಮಂತೆಯೇ ಹೊರಬಂದ ಸಂಗಾತಿಯನ್ನು ಕಂಡುಕೊಂಡು, ಖಾಲಿ ಇರುವ ನೆಲ ಹಿಡಿದು ಮರಿ ಹಾಕುತ್ತವೆ. ಮರಿ ಹಾಕಿದ ದಿನ ಅವು ನಾಯಕರಾಗುತ್ತವೆ, ಏಕೆಂದರೆ ಅವು ತಂದೆ ತಾಯಿ. ಇದನ್ನೆಲ್ಲ ಮೀಚ್ 1999ರಲ್ಲಿ ಕೆನಡಾದ ಪ್ರಾಣಿಶಾಸ್ತ್ರ ನಿಯತಕಾಲಿಕದಲ್ಲಿ ವಿವರವಾಗಿ ಬರೆದರು. ತಾವೇ ಹರಡಿದ ಕಲ್ಪನೆಯನ್ನು ತಾವೇ ತಿದ್ದಿ, ತಮ್ಮ ಹಳೆಯ ಪುಸ್ತಕದ ಮುದ್ರಣವನ್ನು ನಿಲ್ಲಿಸುವಂತೆ ಪ್ರಕಾಶಕರನ್ನು ಕೇಳಿಕೊಂಡರು. ಆದ್ದರಿಂದಲೇ, ಆ ತಿದ್ದುಪಡಿಯಾಗಿ ಕಾಲು ಶತಮಾನ ಕಳೆದ ಮೇಲೂ ನಮ್ಮ ಕನ್ನಡ ಪತ್ರಿಕೆಗಳು ಹಳೆಯ ಮಾತನ್ನೇ ವಿಜ್ಞಾನವೆಂದು ಅಚ್ಚು ಹಾಕಿದಾಗ ನನಗೆ ನೋವಾಗುತ್ತದೆ.

ಹಾಗೆಂದು ತೋಳ ಸಾಧುಪ್ರಾಣಿಯೆಂದು ನಾನು ವಾದಿಸುತ್ತಿಲ್ಲ. ಎದುರಾದ ಪಕ್ಕದ ಗುಂಪಿನ ತೋಳವನ್ನು ಕಚ್ಚಿ ಕೊಲ್ಲುವುದು ಅದಕ್ಕೆ ಹೊಸದಲ್ಲ. 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಇದು ಮತ್ತೆ ಮತ್ತೆ ದಾಖಲಾಗಿದೆ. ಅಲ್ಲಿ ಬೇಟೆ ಸಮೃದ್ಧವಾಗಿರುವುದರಿಂದ ಗುಂಪುಗಳು ದೊಡ್ಡವಾಗಿ, ಒಂದೇ ಗುಂಪಿನಲ್ಲಿ ಎರಡು ಮೂರು ಹೆಣ್ಣುಗಳು ಮರಿ ಹಾಕಿ, ಅವುಗಳ ನಡುವೆ ತಿಕ್ಕಾಟ ನಡೆಯುವುದೂ ಉಂಟು. 2024ರಲ್ಲಿ ಉತ್ತರ ಪ್ರದೇಶದ ಬಹ್ರೈಚ್ ಜಿಲ್ಲೆಯಲ್ಲಿ ತೋಳಗಳು ಮಕ್ಕಳ ಜೀವ ತೆಗೆದದ್ದನ್ನು ಯಾರೂ ಮರೆಯಲಾರರು. ಆ ತಾಯಂದಿರ ಸಂಕಟದ ಮುಂದೆ ಯಾವ ವನ್ಯಪ್ರೇಮದ ಮಾತೂ ನಿಲ್ಲುವುದಿಲ್ಲ. ಆದರೆ ಆಗ ಎಷ್ಟೋ ಕಡೆ ಬಂದ ‘ತೋಳಗಳ ಸೇಡು’ ಎಂಬ ಕಥೆಯಿಂದ ಒಂದು ಮಗುವಿನ ರಕ್ಷಣೆಯೂ ಆಗಲಿಲ್ಲ. ಯಾವ ಗುಂಪು, ಯಾವ ಹೊತ್ತಿನಲ್ಲಿ, ಯಾವ ಬಗೆಯ ಮನೆಗಳ ಕಡೆ, ಯಾವ ಕೊರತೆಯಿಂದ ಬರುತ್ತಿದೆ ಎಂಬ ತಿಳಿವಳಿಕೆ ಇದ್ದರೆ ಮಾತ್ರ ರಕ್ಷಣೆ ಸಾಧ್ಯ, ಮತ್ತು ಅದು ಬರುವುದು ನೆಲದ ಮೇಲೆ ಕುಳಿತು ನೋಡಿದವರಿಂದ.

ಇನ್ನು ನಮ್ಮ ನಾಡಿನ ಮಾತು. ಮೇಲುಕೋಟೆಯ ವನ್ಯಜೀವಿಧಾಮವನ್ನು 1974ರಲ್ಲಿ ಘೋಷಿಸಿದಾಗಲೇ ತೋಳದ ರಕ್ಷಣೆ ಅದರ ಉದ್ದೇಶವಾಗಿತ್ತು. ಈಗ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡು ತೋಳಧಾಮವಾಗಿರುವುದು ಈ ಭಾಗದವರಾದ ನಮಗೆ ಹೆಮ್ಮೆ ತಂದಿದೆ. ಆದರೆ ಅದರ ವಿಸ್ತೀರ್ಣ ಸುಮಾರು 332 ಹೆಕ್ಟೇರ್, ಅಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಸಂಸಾರ ಓಡಾಡುವ ನೆಲ ನೂರು ಚದರ ಕಿಲೋಮೀಟರಿಗೂ ಮಿಗಿಲು. ಹೀಗಾಗಿ ಧಾಮವು ತೋಳಕ್ಕೆ ಮರಿ ಹಾಕುವ ಗವಿಯನ್ನು ಕೊಡಬಲ್ಲದೇ ಹೊರತು ಬದುಕನ್ನಲ್ಲ. ಅದರ ಬದುಕು ಬೇಲಿಯಾಚೆಯ ಜೋಳದ ಹೊಲ, ಗೋಮಾಳ, ಹಳ್ಳದ ದಂಡೆ, ಕುರಿಹಟ್ಟಿಗಳ ನಡುವೆಯೇ ನಡೆಯುತ್ತದೆ.

ಎಲ್ಸ್‌ಮಿಯರ್‌ನ ವಿಧಾನವನ್ನು ಇಲ್ಲಿಗೆ ಹಾಗೆಯೇ ತರಲಾಗದು, ತರಲೂಬಾರದು. ಅಲ್ಲಿನ ತೋಳಕ್ಕೆ ಮನುಷ್ಯನ ಭಯವಿರಲಿಲ್ಲ. ನಮ್ಮ ತೋಳ ಸಾವಿರಾರು ವರ್ಷಗಳಿಂದ ಮನುಷ್ಯನ ಕಲ್ಲು, ಕೋಲು, ನಾಯಿಗಳನ್ನು ಬಲ್ಲದ್ದು, ಮತ್ತು ಆ ಅಂಜಿಕೆಯೇ ಅದನ್ನೂ ನಮ್ಮ ಮಕ್ಕಳನ್ನೂ ಕಾಯುತ್ತಿದೆ. ಅಧ್ಯಯನದ ಹೆಸರಿನಲ್ಲಿ ಅದನ್ನು ಹತ್ತಿರಕ್ಕೆ ಕರೆಯುವುದು, ಮಾಂಸ ಎಸೆದು ರೂಢಿ ಮಾಡಿಸುವುದು ಅಪಾಯ. ಗುಜರಾತಿನ ವೇಳಾವದರ್ ಕೃಷ್ಣಮೃಗ ಉದ್ಯಾನದಲ್ಲಿ ವನ್ಯಜೀವಿ ವಿಜ್ಞಾನಿ ಯಾದವೇಂದ್ರದೇವ್ ಝಾಲಾ ಅವರು ಮಾಡಿದಂತೆ ರೇಡಿಯೊ ಕಾಲರ್, ದೂರದರ್ಶಕ ಮತ್ತು ವರ್ಷಗಳ ಕಾಯುವಿಕೆಯಿಂದ ಕಲಿಯುವುದೇ ಇಲ್ಲಿಗೆ ಒಪ್ಪುವ ಮಾರ್ಗ.

ಇದಕ್ಕೂ ಮಿಗಿಲಾಗಿ, ತೋಳಗಳ ನಡುವೆ ಬಾಳಲು ನಮ್ಮಲ್ಲಿ ವಿಜ್ಞಾನಿ ಎಲ್ಲಿಂದಲೋ ಬರಬೇಕಾಗಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಕುರುಬರು ತಲೆಮಾರುಗಳಿಂದ ಅವುಗಳ ನಡುವೆಯೇ ರಾತ್ರಿ ಕಳೆಯುತ್ತಿದ್ದಾರೆ. ಹೊಲದಲ್ಲಿ ಕುರಿ ತರುಬಿ ಬಲೆ ಕಟ್ಟಿ, ಕಂಬಳಿ ಹೊದ್ದು ಎಚ್ಚರವಿರುವ ಹಿರಿಯ ಕುರಿಗಾಹಿಯೊಬ್ಬರು ನನಗೆ ಹೇಳಿದ್ದಿದೆ: “ಒಂದು ಈ ಕಡಿ ಕಾಣಿಸಿಕೊಂಡು ನಾಯಿ ಬೆನ್ನ ಹತ್ತಿಸಿಕೊಂಡು ಹೋಗತೈತ್ರಿ, ಇನ್ನೊಂದು ಗಾಳಿ ಎದುರಿಗೆ ಬಂದು ಮರಿ ಎತ್ತತೈತಿ. ನಾಯಿ ಬೊಗಳಿದ ಕಡಿ ನೋಡಬಾರದು, ಬೊಗಳದ ಕಡಿ ನೋಡಬೇಕು.” ಇಂಥ ತಿಳಿವಳಿಕೆ ಬರಹಕ್ಕೆ ಇಳಿಯದೆ ಹಿರಿಯರೊಂದಿಗೆ ಹೋಗಿಬಿಡುತ್ತಿದೆ. ಅರಣ್ಯ ಇಲಾಖೆಯೂ ವಿಶ್ವವಿದ್ಯಾಲಯಗಳೂ ಕುರಿಗಾಹಿಗಳನ್ನು ಮಾಹಿತಿ ಕೇಳಿ ಮರೆಯುವ ಬದಲು, ಕೂಲಿ ಕೊಟ್ಟು, ಹೆಸರು ಹಾಕಿ, ಅಧ್ಯಯನದ ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು. ತೋಳ ಕುರಿ ಹಿಡಿದಾಗ ಪರಿಹಾರ ತಡವಿಲ್ಲದೆ ಸಿಗಬೇಕು. ಪರಿಹಾರಕ್ಕಾಗಿ ಅಲೆದು ಬೇಸತ್ತವನಿಂದ ಗವಿಯ ಗುಟ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವೂ ಇಲ್ಲ. ದೇಶದ ಪರ್ಯಾಯ ದ್ವೀಪ ಭಾಗದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರವೆಂದು ಅಂದಾಜಿದೆ. ಬೀದಿನಾಯಿಗಳಿಂದ ರೋಗ ಹರಡುತ್ತಿದೆ. ನಾಯಿಯೊಂದಿಗೆ ಬೆರೆತು ಹುಟ್ಟಿದ ತೋಳಗಳು ಪುಣೆಯ ಸುತ್ತಮುತ್ತ ಪತ್ತೆಯಾಗಿವೆ. ಗೋಮಾಳಗಳನ್ನು ‘ಪಾಳುಭೂಮಿ’ ಎಂದು ಬರೆದು ಬೇರೆ ಬಳಕೆಗೆ ಕೊಡುವ ಪ್ರತಿ ಆದೇಶವೂ ಕುರಿಯ ಮೇವಿನ ಜೊತೆಗೆ ತೋಳದ ನೆಲವನ್ನೂ ಕಿತ್ತುಕೊಳ್ಳುತ್ತದೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಬಂಕಾಪುರದಲ್ಲಿ ತೋಳ ಮರಿ ಹಾಕಿದ ಸುದ್ದಿ ಬಂದಾಗ ಅದನ್ನು ಸಂತೋಷದಿಂದ ಪ್ರಕಟಿಸಿ, ಆದರೆ ಗವಿ ಇರುವ ಗುಡ್ಡದ ಹೆಸರನ್ನಾಗಲಿ, ಹೋಗುವ ದಾರಿಯನ್ನಾಗಲಿ, ಸುತ್ತಲಿನ ಗುರುತು ಸಿಗುವಂಥ ಚಿತ್ರವನ್ನಾಗಲಿ ಅಚ್ಚು ಮಾಡಬೇಡಿ. ಜನ ಮೊಬೈಲು ಹಿಡಿದು ಗವಿಯ ಬಳಿ ಸುಳಿದರೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ, ಹಾಗೆ ಸಾಗಿಸುವಾಗ ಎಳೆಯ ಮರಿಗಳು ನಾಯಿಗಳ ಪಾಲಾಗುವ ಸಂಭವವಿರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ,
ಗಂಗಾವತಿ, ಕೊಪ್ಪಳ ಜಿಲ್ಲೆ