ನಮ್ಮ ಶಿಲಾ ಪ್ರಯೋಗಾಲಯಕ್ಕೆ ಹೆಗಲು ಕೊಟ್ಟವರಿಗೆ

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಫಿಸ್ಟ್ (ವಿಜ್ಞಾನ-ತಂತ್ರಜ್ಞಾನ ಮೂಲಸೌಕರ್ಯ ಸುಧಾರಣಾ ನಿಧಿ) ಯೋಜನೆಯಡಿ ನಮ್ಮ ಭೂವಿಜ್ಞಾನ ವಿಭಾಗಕ್ಕೆ ದೊರೆತಿದ್ದ ಉಪಕರಣ ಅನುದಾನದ ಅವಧಿ ಈ ತಿಂಗಳಿಗೆ ಮುಗಿಯುತ್ತಿದೆ. ಲೆಕ್ಕಪತ್ರಗಳೂ ಬಳಕೆಯ ಪ್ರಮಾಣಪತ್ರವೂ ಸಲ್ಲಿಕೆಯಾಗಿವೆ. ಆ ನಮೂನೆಗಳಲ್ಲಿ ಋಣ ಸ್ಮರಣೆಗೆ ಅಂಕಣವಿರುವುದಿಲ್ಲವಾದ್ದರಿಂದ, ವಿಭಾಗದ ಎಲ್ಲರ ಪರವಾಗಿ ಆ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇನೆ.

2000ನೇ ಇಸವಿಯಲ್ಲಿ ಆರಂಭವಾದ ಈ ಯೋಜನೆಯ ಹಣ ಒಬ್ಬ ಸಂಶೋಧಕರ ಹೆಸರಿಗೆ ಬಾರದೆ ಇಡೀ ವಿಭಾಗಕ್ಕೆ ಬರುತ್ತದೆ ಎಂಬುದೇ ಅದರ ದೊಡ್ಡ ಗುಣ. ಪ್ರಸ್ತಾವವನ್ನು ಪರಿಶೀಲಿಸಿದ ತಜ್ಞರು ನಮ್ಮ ಪ್ರಕಟಣೆಗಳ ಪಟ್ಟಿಗಿಂತ ಹೆಚ್ಚಾಗಿ ಕೇಳಿದ್ದು, ಯಂತ್ರವನ್ನು ಯಾರು ನಡೆಸುತ್ತಾರೆ, ಎಂ.ಎಸ್‌ಸಿ. ವಿದ್ಯಾರ್ಥಿಗಳ ಕೈಗೆ ಅದು ಎಟುಕುತ್ತದೆಯೇ ಎಂಬುದನ್ನು. ಅಂದು ಆ ಪ್ರಶ್ನೆಗಳು ಕಿರಿಕಿರಿಯೆನಿಸಿದ್ದು ನಿಜ. ಅವರು ಅಷ್ಟು ಕೇಳಿದ್ದರಿಂದಲೇ, ಎಕ್ಸ್‌ರೇ ಹಾಯಿಸಿ ಕಲ್ಲಿನಲ್ಲಿರುವ ಧಾತುಗಳ ಪ್ರಮಾಣ ಅಳೆಯುವ, ಸಂಶೋಧನೆಯ ಎಕ್ಸ್‌ಆರ್‌ಎಫ್ ಯಂತ್ರದ ಜೊತೆಗೆ ಬೋಧನೆಗೆಂದು ಪೋಲರೈಸಿಂಗ್ ಸೂಕ್ಷ್ಮದರ್ಶಕಗಳೂ ಕಲ್ಲು ಕೊಯ್ದು ಉಜ್ಜುವ ಯಂತ್ರಗಳೂ ನಮ್ಮ ಪಟ್ಟಿಯಲ್ಲಿ ಸೇರಿದವು. ಆ ತಜ್ಞರಿಗೆ ಮೊದಲ ವಂದನೆ.

ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಂತೆ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಇಳಿಸಿದರೆ ಮಾತ್ರ ಅದರೊಳಗಿನ ಖನಿಜಗಳು ಸೂಕ್ಷ್ಮದರ್ಶಕದಡಿ ತಮ್ಮ ಗುರುತು ಹೇಳುತ್ತವೆ. ಹಿಂದೆ ನಮ್ಮ ವಿದ್ಯಾರ್ಥಿಗಳು ನೋಡುತ್ತಿದ್ದುದು ದಶಕಗಳ ಹಿಂದೆ ಯಾರೋ ಮಾಡಿಟ್ಟ, ಅಂಟು ಹಳದಿಗಟ್ಟಿದ ಸ್ಲೈಡುಗಳನ್ನು. ಈಗ ಕ್ಷೇತ್ರಕಾರ್ಯದಲ್ಲಿ ತಾವೇ ಒಡೆದು ತಂದ ಕಲ್ಲನ್ನು ತಾವೇ ಕೊಯ್ಯುತ್ತಾರೆ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗದ ಕಲ್ಲುಗಣಿಯನ್ನೇ ತೆಗೆದುಕೊಳ್ಳಿ: ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿನ ಬೂದುಬಣ್ಣದ ನೈಸ್ ಶಿಲೆ ಬಿರುಕುಗಳ ಗುಂಟ ಕಪ್ಪುಹಸಿರು ಚಾರ್ನೊಕೈಟ್ ಶಿಲೆಯಾಗಿ ಮಾರ್ಪಡುತ್ತ ಅರ್ಧಕ್ಕೇ ನಿಂತಿದೆ. ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ ಮೇಲೆ ಹೊರದೇಶಗಳ ಶಿಲಾಶಾಸ್ತ್ರಜ್ಞರೂ ಬಂದು ನೋಡಿದ ಜಾಗವದು. ಒಂದೇ ಸ್ಲೈಡಿನ ಒಂದು ಬದಿಯಲ್ಲಿ ಹಾರ್ನ್‌ಬ್ಲೆಂಡ್ ಮತ್ತು ಬಯೊಟೈಟ್ ಎಂಬ ನೈಸ್ ಶಿಲೆಯ ಖನಿಜಗಳು, ಇನ್ನೊಂದು ಬದಿಯಲ್ಲಿ ಸೂಕ್ಷ್ಮದರ್ಶಕದ ವೇದಿಕೆ ತಿರುಗಿಸಿದಂತೆ ನಸುಗೆಂಪಿನಿಂದ ನಸುಹಸಿರಿಗೆ ಬಣ್ಣ ಬದಲಿಸುವ, ಚಾರ್ನೊಕೈಟ್ ಶಿಲೆಯ ಗುರುತಾದ ಹೈಪರ್‌ಸ್ಥೀನ್ ಕಂಡಾಗ, ನಾವು ಕಪ್ಪುಹಲಗೆಯ ಮೇಲೆ ಗಂಟೆಗಟ್ಟಲೆ ಬರೆಯುತ್ತಿದ್ದ ಈ ಮಾರ್ಪಾಡಿನ ಸಮೀಕರಣ ಅವರಿಗೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಇದನ್ನು ಸಾಧ್ಯವಾಗಿಸಿದವರು ನಮ್ಮ ಪ್ರಯೋಗಾಲಯದ ಸಹಾಯಕರು. ಯಂತ್ರ ಎಷ್ಟೇ ಹೊಸದಿದ್ದರೂ ಕೊನೆಯ ಉಜ್ಜು ಕೈಯಿಂದಲೇ ಆಗಬೇಕು. ಸೂಕ್ಷ್ಮದರ್ಶಕದಡಿ ಕ್ವಾರ್ಟ್ಜ್ ಖನಿಜದ ಬಣ್ಣ ಹಳದಿಯಿಂದ ಬೂದುಬಣ್ಣಕ್ಕೆ ಇಳಿಯುವ ಹೊತ್ತಿಗೆ ಕೈ ತಡೆಯದಿದ್ದರೆ ಇಡೀ ಸ್ಲೈಡ್ ಉಜ್ಜಲು ಬಳಸುವ ಕಾರ್ಬೊರಂಡಮ್ ಪುಡಿಯ ಜೊತೆ ತೊಳೆದುಹೋಗುತ್ತದೆ. ನಿವೃತ್ತಿಯ ಅಂಚಿನಲ್ಲಿದ್ದ ಅವರು ಆ ಹದವನ್ನು ಕಿರಿಯರಿಬ್ಬರಿಗೆ ಕಲಿಸಿಯೇ ಹೊರಟರು. ಸಂಶೋಧನಾ ಪ್ರಬಂಧಗಳಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಷ್ಟೇ ಬರುತ್ತದೆ. ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ಟೆಂಡರು, ಆಕ್ಷೇಪಣೆ, ಮರುಟೆಂಡರುಗಳ ನಡುವೆ ಕಡತವನ್ನು ಜೀವಂತವಾಗಿಟ್ಟ ಹಣಕಾಸು ವಿಭಾಗದ ಸಿಬ್ಬಂದಿಗೂ, ಎಕ್ಸ್‌ಆರ್‌ಎಫ್ ಕೊಠಡಿಗೆ ಪ್ರತ್ಯೇಕ ವಿದ್ಯುತ್ ಮಾರ್ಗ ಎಳೆದುಕೊಟ್ಟ ಎಂಜಿನಿಯರುಗಳಿಗೂ ನಾವು ಋಣಿಗಳು. ಯಂತ್ರ ಬರುವ ಮುನ್ನ ನಮ್ಮ ಮಾದರಿಗಳನ್ನು ತಮ್ಮ ಸರದಿಯ ನಡುವೆ ತೂರಿಸಿ ವಿಶ್ಲೇಷಿಸಿಕೊಟ್ಟ ಹೈದರಾಬಾದ್ ಮತ್ತು ಬೆಂಗಳೂರಿನ ಸಹೋದ್ಯೋಗಿಗಳ ಉಪಕಾರ ಇನ್ನೂ ಮುಗಿದಿಲ್ಲ. ಸಿಲಿಕಾ, ಕಬ್ಬಿಣ, ಮೆಗ್ನೀಷಿಯಮ್‌ಗಳ ಪ್ರಮಾಣವನ್ನು ಈಗ ಇಲ್ಲೇ ಅಳೆಯುತ್ತೇವಾದರೂ, ಕಲ್ಲಿನೊಳಗಿನ ಜಿರ್ಕಾನ್ ಹರಳುಗಳ ವಯಸ್ಸು ತಿಳಿಯಲು ಪರಮಾಣುಗಳನ್ನು ತೂಕದ ಪ್ರಕಾರ ವಿಂಗಡಿಸುವ ಅವರ ಮಾಸ್ ಸ್ಪೆಕ್ಟ್ರೋಮೀಟರುಗಳ ಬಾಗಿಲನ್ನೇ ತಟ್ಟಬೇಕು.

ಅನುದಾನದಿಂದ ಯಂತ್ರ ಬರುತ್ತದೆ. ಅವಧಿ ಮುಗಿದ ಮೇಲೆ ಅದರ ಎಕ್ಸ್‌ರೇ ಟ್ಯೂಬು ಸುಟ್ಟರೆ ಗತಿಯೇನು ಎಂಬ ಚಿಂತೆ ಪ್ರತಿ ವಿಶ್ವವಿದ್ಯಾಲಯದಲ್ಲೂ ಇದ್ದದ್ದೇ. ನಮ್ಮ ಹಳೆಯ ವಿದ್ಯಾರ್ಥಿಗಳು ವಾರ್ಷಿಕ ನಿರ್ವಹಣೆಗೆಂದು ಸ್ವಯಂಪ್ರೇರಿತರಾಗಿ ಠೇವಣಿಯೊಂದನ್ನು ಕೂಡಿಸಿಕೊಟ್ಟು ಆ ಚಿಂತೆಯನ್ನು ಬಹುಮಟ್ಟಿಗೆ ಕಳೆದಿದ್ದಾರೆ. ಅವರಲ್ಲಿ ಕೆಲವರು ಮಂಡ್ಯ ಜಿಲ್ಲೆಯ ಶಿಲೆಗಳಲ್ಲಿ ಪತ್ತೆಯಾದ ಲಿಥಿಯಮ್ಮನ್ನು ಇದರಲ್ಲಿ ಅಳೆಯಬಹುದೇ ಎಂದು ಉತ್ಸಾಹದಿಂದ ಕೇಳಿದ್ದರು. ಅಷ್ಟು ಹಗುರ ಧಾತು ನಮ್ಮ ಯಂತ್ರದ ಕಣ್ಣಿಗೆ ಬೀಳುವುದಿಲ್ಲವೆಂದು ತಿಳಿಸಿದ ಮೇಲೂ ಕೊಟ್ಟ ಹಣವನ್ನು ಹಿಂದಕ್ಕೆ ಕೇಳಲಿಲ್ಲ. ಅದಕ್ಕಾಗಿ ಅವರಿಗೆ ಇನ್ನೊಂದು ವಂದನೆ.